ಮೋರಿಯ ಪಕ್ಕ ಒಂದು ತೂಕದ ಯಂತ್ರ: ಚೆಂಬೂರಿನ ನಮ್ಮ ಹೋಟೆಲಿನ ಅನುಭವ

ಹೋಟೆಲ್ ನಡೆಸುವ ಪರಿಚಯದವರು ಈಚೆಗೆ ನನ್ನನ್ನು ಕೇಳುತ್ತಾರೆ. "ಹವಾಮಾನ ಬದಲಾವಣೆ ಅಂತ ನೀವು ಏನೋ ಮಾಡಿದ್ದೀರಂತೆ, ಯಾವ ಮಿಷನ್ ಹಾಕಿದ್ರಿ?" ನಾನು ಹೇಳುವುದು ಒಂದೇ. ಮೊದಲು ಒಂದು ತೂಕದ ಯಂತ್ರ ತನ್ನಿ, ಪಾತ್ರೆ ತೊಳೆಯುವ ಮೋರಿಯ ಪಕ್ಕ ಇಡಿ. ಗೊಬ್ಬರದ ಡ್ರಮ್, ಬಯೋಗ್ಯಾಸ್, ಸೋಲಾರ್ ಎಲ್ಲ ಆಮೇಲೆ. ಅಡುಗೆ ಮಾಡಿ ಎಸೆದದ್ದಕ್ಕೆ ಎಷ್ಟೇ ಒಳ್ಳೆಯ ಗೊಬ್ಬರ ಮಾಡಿದರೂ ಅದು ಎರಡನೇ ದರ್ಜೆಯ ಕೆಲಸ. ಎಸೆಯುವಷ್ಟು ಮಾಡದೇ ಇರುವುದು ಮೊದಲನೇ ಕೆಲಸ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ನಮ್ಮದು ಮುಂಬೈಯ ಚೆಂಬೂರಿನ ಒಂದು ಸಾಧಾರಣ ಉಡುಪಿ ಹೋಟೆಲ್. ಅಪ್ಪ ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಬಂದವರು. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಎಷ್ಟೋ ವರ್ಷದ ನಂತರ ಸ್ವಂತದ್ದು ಮಾಡಿಕೊಂಡರು. ಈಗ ತಮ್ಮ ಗಲ್ಲಾ ನೋಡಿಕೊಳ್ಳುತ್ತಾನೆ. ಅಡುಗೆಮನೆ, ಖರೀದಿ ಎರಡೂ ನನ್ನದು. ಬೆಳಿಗ್ಗೆ ಇಡ್ಲಿ, ವಡೆ, ದೋಸೆ. ಮಧ್ಯಾಹ್ನ ರೈಸ್ ಪ್ಲೇಟ್. ರಾತ್ರಿ ಮುಂಬೈಯ ಎಷ್ಟೋ ಉಡುಪಿ ಹೋಟೆಲುಗಳ ಹಾಗೆ ಪಂಜಾಬಿ ಐಟಂ ಕೂಡ.

ಚೆಂಬೂರಿನವರಿಗೆ ಊರಿನ ಕಸ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ದೇವನಾರ್ ಡಂಪಿಂಗ್ ಗ್ರೌಂಡ್ ನಮಗೆ ಅಷ್ಟು ಹತ್ತಿರ. 1927ರಿಂದ ಅಲ್ಲಿ ಕಸ ಬೀಳುತ್ತಿದೆ. 2016ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದಾಗ ದಿನಗಟ್ಟಲೆ ಹೊಗೆ ಇಳಿಯಲಿಲ್ಲ. ಪಾಲಿಕೆಯ ಶಾಲೆಗಳಿಗೆ ರಜೆ ಕೊಟ್ಟರು. ನಮ್ಮ ಹೋಟೆಲಿಗೆ ಬಂದವರು ಮೂಗಿಗೆ ಕರ್ಚೀಫ್ ಹಿಡಿದುಕೊಂಡೇ ಚಹಾ ಕುಡಿದು ಹೋಗುತ್ತಿದ್ದರು. ಒದ್ದೆ ಕಸ ಗಾಳಿಯಾಡದೆ ರಾಶಿಯ ಅಡಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಅದು ಬೇಗ ಹೊತ್ತಿಕೊಳ್ಳುತ್ತದೆ ಅಂತ ಆಗ ಪೇಪರಿನಲ್ಲಿ ಓದಿದೆ. ಹೊತ್ತದೇ ಸುಮ್ನೆ ಗಾಳಿಗೆ ಸೇರಿದರೂ ಅದು ಕೆಟ್ಟದ್ದೇ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 80ಕ್ಕಿಂತ ಜಾಸ್ತಿ.

ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ಲೆಕ್ಕ ನೋಡಿ. 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದರಲ್ಲಿ ಮನೆಗಳ ಪಾಲು 63 ಕೋಟಿ ಟನ್ನಿನಷ್ಟು, ಹೋಟೆಲು, ಕ್ಯಾಂಟೀನುಗಳಂಥ ಜಾಗಗಳದ್ದು 29 ಕೋಟಿ ಟನ್. ಹೀಗೆ ನಷ್ಟವಾಗುವ, ಪೋಲಾಗುವ ಆಹಾರದಿಂದಲೇ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ, ಅಂದರೆ ಭೂಮಿಯ ಬಿಸಿ ಏರಿಸುವ ಅನಿಲಗಳಲ್ಲಿ, 8ರಿಂದ 10% ಬರುತ್ತದೆ. ಆ 29 ಕೋಟಿ ಟನ್ನಿನಲ್ಲಿ ನಮ್ಮ ಮೋರಿಯ ಸಾಂಬಾರೂ ಇದೆ ಅಂತ ಅನಿಸಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ.

ಹಾಗಾಗಿ ಮೂರು ಬಕೆಟ್ ಇಟ್ಟೆವು. ಒಂದಕ್ಕೆ ತರಕಾರಿ ಸಿಪ್ಪೆ, ತೊಟ್ಟು, ಸೊಪ್ಪಿನ ದಂಟು. ಇನ್ನೊಂದಕ್ಕೆ ಮಾಡಿದ ತೋಪಿನಲ್ಲೇ ಉಳಿದದ್ದು. ಮೂರನೆಯದಕ್ಕೆ ಗಿರಾಕಿಯ ತಟ್ಟೆಯಿಂದ ವಾಪಸ್ ಬಂದದ್ದು. ಪ್ರತಿ ಪಾಳಿ ಮುಗಿದಾಗ ತೂಗಿ ಗೋಡೆಯ ಪಟ್ಟಿಯಲ್ಲಿ ಬರೆಯುವುದು. ಮೂರನ್ನೂ ಒಟ್ಟಿಗೆ ತೂಗಿದರೆ ಪ್ರಯೋಜನವಿಲ್ಲ, ಯಾಕೆಂದರೆ ಮೂರಕ್ಕೂ ಮದ್ದು ಬೇರೆ. ಸಿಪ್ಪೆ ಹೆಚ್ಚು ಕಡಿಮೆ ಇದ್ದದ್ದೇ. ತೋಪಿನಲ್ಲಿ ಉಳಿದದ್ದಕ್ಕೆ ನಾನು ಮತ್ತು ಅಡುಗೆ ಭಟ್ಟರು ಉತ್ತರ ಹೇಳಬೇಕು. ತಟ್ಟೆಯಲ್ಲಿ ಉಳಿದದ್ದಕ್ಕೆ ಬಡಿಸುವ ಕೈ ಉತ್ತರ ಹೇಳಬೇಕು. ಎಷ್ಟೋ ಜನ ಗಿರಾಕಿಯನ್ನು ಬೈಯುತ್ತಾರೆ. ಅದರಲ್ಲಿ ಅರ್ಥವಿಲ್ಲ. ಅವರು ಕೇಳದ್ದನ್ನು ಬಡಿಸಿದವರು ನಾವೇ ಅಲ್ವಾ?

ಈ ಕೆಲಸದಲ್ಲಿ ಎಲ್ಲರಿಗಿಂತ ಮುಖ್ಯವಾದವನು ನಮ್ಮ ಕ್ಲೀನರ್ ಹುಡುಗ. ಅವನು ಒಡಿಶಾದವನು. ಈಗ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಊರಿನ ಹುಡುಗರು ಕಡಿಮೆ. ಒಡಿಶಾ, ಜಾರ್ಖಂಡ್, ನೇಪಾಳದವರು ಜಾಸ್ತಿ. ತಟ್ಟೆಗಳು ಮೊದಲು ಅವನ ಕೈಗೆ ಬರುತ್ತವೆ. ಯಾವ ಟೇಬಲಿನಿಂದ ಏನು ವಾಪಸ್ ಬರುತ್ತದೆ ಅಂತ ಅವನಿಗೆ ಗೊತ್ತಿದ್ದಷ್ಟು ನನಗೂ ಗೊತ್ತಿರಲಿಲ್ಲ, ಗಲ್ಲಾದಲ್ಲಿ ಕೂತ ತಮ್ಮನಿಗೂ ಗೊತ್ತಿರಲಿಲ್ಲ. "ದೀದಿ, ಮಸಾಲ ದೋಸೆಯ ಜೊತೆ ಕೊಡುವ ಸಾಂಬಾರನ್ನು ಅರ್ಧಕ್ಕರ್ಧ ಜನ ಮುಟ್ಟುವುದೇ ಇಲ್ಲ. ವಡೆಯ ಜೊತೆಗಿನದ್ದು ಮಾತ್ರ ಪೂರ್ತಿ ಖಾಲಿ," ಅಂತ ಅವನು ಹಿಂದಿಯಲ್ಲಿ ಹೇಳಿದ. ತೂಗಿ ನೋಡಿದರೆ ಅದು ನಿಜ. ದೋಸೆಗೆ ಚಿಕ್ಕ ಬಟ್ಟಲು, ವಡೆಗೆ ಮೊದಲಿನ ಬಟ್ಟಲು ಅಂತ ಮಾಡಿದೆವು. ಕೇಳಿದವರಿಗೆ ಇನ್ನೊಮ್ಮೆ, ಮತ್ತೊಮ್ಮೆ, ಮೊದಲಿನ ಹಾಗೇ ಬಿಟ್ಟಿ. ಯಾರೂ ಕೊರತೆ ಹೇಳಲಿಲ್ಲ. ಆಹಾರ ವ್ಯವಸ್ಥೆಯನ್ನು ಸುಧಾರಿಸುವವರು ಅಂದರೆ ವಿಜ್ಞಾನಿಗಳು, ಅಧಿಕಾರಿಗಳು ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಮೊದಲ ಹೆಸರು ಮೋರಿಯ ಮುಂದೆ ನಿಂತವನದು.

ತೂಕದಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ತಟ್ಟೆಯ ಬಕೆಟ್ ಅಲ್ಲ, ತೋಪಿನ ಬಕೆಟ್. ಅದರಲ್ಲೂ ಮಧ್ಯಾಹ್ನದ ಅನ್ನ ಮತ್ತು ಸಾಂಬಾರ್. ಇದಕ್ಕೆ ಕಾರಣ ಭಯ. "ಸಾಂಬಾರ್ ಖಾಲಿಯಾಯಿತು" ಅಂತ ಹೇಳುವುದು ಉಡುಪಿ ಹೋಟೆಲಿಗೆ ಅವಮಾನ. ನಮ್ಮ ಭಟ್ಟರು ಕುಂದಾಪುರದ ಕಡೆಯವರೇ, ಅಪ್ಪನ ಕಾಲದಿಂದ ಇದ್ದಾರೆ. ತೋಪು ಸಣ್ಣದು ಮಾಡುವ ಅಂದಾಗ ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ಅಲ್ಲ ಅಕ್ಕಾ, ಎರಡೂವರೆ ಗಂಟೆಗೆ ಒಂದು ಆಫೀಸಿಂದ ಇಪ್ಪತ್ತು ಜನ ಒಟ್ಟಿಗೆ ಬಂದ್ರೆ ಎಂತ ಬಡಿಸೂದು?" ಅವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಸಿಗದೆ ತೋಪು ಸಣ್ಣದು ಮಾಡಲು ಆಗುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದೂ ಅವರಿಂದಲೇ. ಸಾಂಬಾರನ್ನು ಒಂದೇ ಸಲ ಮುಗಿಸಿ ಇಡುವ ಬದಲು ಅದನ್ನು ಬಿಡಿಸಿ ಇಟ್ಟುಕೊಳ್ಳುವುದು. ಬೇಯಿಸಿದ ತೊಗರಿಬೇಳೆ ಒಂದು ಕಡೆ, ರುಬ್ಬಿದ ಮಸಾಲೆ ಒಂದು ಕಡೆ, ಹೆಚ್ಚಿದ ತರಕಾರಿ ಒಂದು ಕಡೆ. ಮೊದಲ ತೋಪು ಚಿಕ್ಕದು. ಅದು ಅರ್ಧಕ್ಕೆ ಇಳಿದಾಗ ಬಡಿಸುವವನು ಒಳಗೆ ಕೂಗಿ ಹೇಳುತ್ತಾನೆ, ಆಗ ಎರಡನೇ ತೋಪು ಒಲೆಗೆ ಏರುತ್ತದೆ. ಇಪ್ಪತ್ತು ನಿಮಿಷದೊಳಗೆ ತಯಾರು. ಜನ ಬರದಿದ್ದರೆ ಬೆಂದ ಬೇಳೆ ಫ್ರಿಜ್ಜಿಗೆ ಹೋಗಿ ಸಂಜೆ ದಾಲ್ ಫ್ರೈ ಆಗುತ್ತದೆ, ಇಲ್ಲವೇ ಸಾರಿಗೆ ಸೇರುತ್ತದೆ. ಹುಳಿ, ಮಸಾಲೆ ಬಿದ್ದ ಸಾಂಬಾರಿಗೆ ಆ ದಾರಿ ಇಲ್ಲ. ಅನ್ನಕ್ಕೂ ಹೀಗೇ. ಅಕ್ಕಿ ತೊಳೆದು ನೆನೆಸಿ ಇಟ್ಟುಕೊಂಡರೆ ಸಣ್ಣ ಸಣ್ಣ ಸರದಿಯಲ್ಲಿ ಬೇಯಿಸಬಹುದು. ಬಿಸಿ ಅನ್ನ ಸಿಗುತ್ತದೆ ಅಂತ ಗಿರಾಕಿಗಳಿಗೂ ಖುಷಿ.

ರೈಸ್ ಪ್ಲೇಟಿನ ಅನ್ನವನ್ನು ನಾವು ಮೊದಲು ಗೋಪುರದ ಹಾಗೆ ಹಾಕಿ ಕೊಡುತ್ತಿದ್ದೆವು. ಈಗ ಅದರ ಅರ್ಧ ಹಾಕುತ್ತೇವೆ. ಚಪಾತಿ ಮುಗಿಯುವ ಹೊತ್ತಿಗೆ ಹುಡುಗ ಅನ್ನದ ಪಾತ್ರೆ ಹಿಡಿದು ಟೇಬಲಿನ ಹತ್ತಿರ ಬಂದು ಕೇಳುತ್ತಾನೆ. ಕೇಳುವ ರೀತಿ ಮುಖ್ಯ. ದೂರದಲ್ಲಿ ನಿಂತು "ಇನ್ನೂ ಬೇಕಾ?" ಅಂದರೆ ಎಷ್ಟೋ ಜನ ಸಂಕೋಚದಿಂದ ಬೇಡ ಅನ್ನುತ್ತಾರೆ, ಹಸಿದು ಏಳುತ್ತಾರೆ, ಮತ್ತೆ ಬರುವುದಿಲ್ಲ. ಪಾತ್ರೆ ಕೈಯಲ್ಲಿ ಹಿಡಿದು ತಟ್ಟೆಯ ಹತ್ತಿರ ಬಗ್ಗಿ "ಹಾಕ್ಲಾ?" ಅಂದರೆ ಬೇಕಾದವರು ಬೇಕಾದಷ್ಟು ಹಾಕಿಸಿಕೊಳ್ಳುತ್ತಾರೆ. ಊರಿನ ಮದುವೆ ಊಟದ ಪಂಕ್ತಿಯಲ್ಲಿ ಬಡಿಸಿ ಗೊತ್ತಿದ್ದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಉಳಿದ ಹುಡುಗರಿಗೆ ನಾನೇ ನಿಂತು ತೋರಿಸಿದೆ.

ಕಾಯಿ ಚಟ್ನಿಯದು ಬೇರೆ ಕಥೆ. ಮೇ ತಿಂಗಳ ಮುಂಬೈ ಸೆಕೆಗೆ ಬೆಳಿಗ್ಗೆ ರುಬ್ಬಿದ್ದು ಮಧ್ಯಾಹ್ನಕ್ಕೆ ವಾಸನೆ ತಿರುಗುತ್ತದೆ. ದಿನಕ್ಕೆ ಒಂದೇ ಸಲ ರುಬ್ಬುವುದನ್ನು ಬಿಟ್ಟು ಮೂರು ಸಲ ಮಾಡಿದೆವು. ಕೆಲಸ ಸ್ವಲ್ಪ ಜಾಸ್ತಿ, ತೆಂಗಿನಕಾಯಿ ಖರ್ಚು ಕಡಿಮೆ. ದೋಸೆ ಹಿಟ್ಟು ಹುಳಿ ಏರಿದರೆ ಅದನ್ನು ಈರುಳ್ಳಿ ಉತ್ತಪ್ಪಕ್ಕೆ ತಿರುಗಿಸುತ್ತೇವೆ. ಇನ್ನೂ ಹುಳಿಯಾದರೆ ಹಸಿಮೆಣಸು, ಶುಂಠಿ, ಕರಿಬೇವು ಹೆಚ್ಚಿ ಹಾಕಿ ಗುಳಿಯಪ್ಪ. ಸಂಜೆಯ ಗುಳಿಯಪ್ಪಕ್ಕೆ ಈಗ ಕಾಯಂ ಗಿರಾಕಿಗಳಿದ್ದಾರೆ.

ಇನ್ನೊಂದು ಪುಸ್ತಕ ಇದೆ, ಅದು ಗಲ್ಲಾದ ಪಕ್ಕ ಇರುತ್ತದೆ. ಕನ್ನಡದಲ್ಲೇ ಬರೆಯುತ್ತೇವೆ. ಯಾವ ದಿನ ಏನು ಎಷ್ಟು ಹೋಯಿತು, ಆ ದಿನದ ವಿಶೇಷ ಏನು. ಮಳೆ ಜೋರಾಗಿ ಹಾರ್ಬರ್ ಲೈನಿನ ಲೋಕಲ್ ರೈಲು ನಿಂತರೆ ಮಧ್ಯಾಹ್ನದ ರೈಸ್ ಪ್ಲೇಟ್ ಕುಸಿಯುತ್ತದೆ, ಸಂಜೆ ಚಹಾ ಮತ್ತು ಭಜಿ ಏರುತ್ತದೆ. ಸಂಕಷ್ಟಿಯ ದಿನ ಸಾಬುದಾಣೆ ಖಿಚಡಿ ಎಷ್ಟಿದ್ದರೂ ಸಾಲದು, ಇಡ್ಲಿ ಉಳಿಯುತ್ತದೆ. ಶ್ರಾವಣದಲ್ಲಿ ಮೀನು, ಮಾಂಸ ಬಿಟ್ಟವರು ಸಸ್ಯಾಹಾರಿ ಹೋಟೆಲಿಗೆ ಬರುತ್ತಾರೆ, ಆಗ ಎಲ್ಲವೂ ಜಾಸ್ತಿ ಬೇಕು. ಇದೆಲ್ಲ ಹಳಬರಿಗೆ ತಲೆಯಲ್ಲೇ ಗೊತ್ತಿತ್ತು. ಬರೆದಿಟ್ಟದ್ದರಿಂದ ಭಟ್ಟರು ರಜೆಯಲ್ಲಿ ಊರಿಗೆ ಹೋದಾಗಲೂ ಅಂದಾಜು ತಪ್ಪುವುದಿಲ್ಲ.

ದುಡ್ಡಿನ ವಿಷಯ ಇಲ್ಲಿಯೇ ಹೇಳಬೇಕು. ಅಕ್ಕಿ, ಬೇಳೆ, ಕಾಯಿಯ ಖರೀದಿ ಇಳಿದದ್ದು ತಿಂಗಳ ಬಿಲ್ಲಿನಲ್ಲಿ ಕಾಣತೊಡಗಿದಾಗ, ಅದರಲ್ಲಿ ಒಂದು ಪಾಲು ಹುಡುಗರಿಗೆ ಹೋಗಬೇಕು ಅಂತ ತಮ್ಮನ ಜೊತೆ ಕೂತು ಮಾತಾಡಿದೆ. ತೂಗುವುದು, ಬರೆಯುವುದು, ಎರಡನೇ ತೋಪು ಏರಿಸುವುದು ಎಲ್ಲ ಅವರ ಮೈಮುರಿಯುವ ಕೆಲಸದ ಮೇಲೆ ಬಿದ್ದ ಇನ್ನಷ್ಟು ಕೆಲಸ. ಅದರ ಲಾಭ ಯಜಮಾನರಿಗೆ ಮಾತ್ರ ಅಂದರೆ ಅದು ನ್ಯಾಯವಲ್ಲ, ಜಾಸ್ತಿ ದಿನ ನಡೆಯುವುದೂ ಇಲ್ಲ. ಭೂಮಿ ಉಳಿಸುವ ಮಾತನ್ನು ಹನ್ನೆರಡು ತಾಸು ನಿಂತು ಕೆಲಸ ಮಾಡುವವರಿಗೆ ಬರಿಗೈಯಲ್ಲಿ ಹೇಳಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮಾಡಿದ್ದು ಉಳಿದರೆ? ಕೆಟ್ಟು ಹೋಗದ ಅನ್ನ, ಪಲ್ಯ, ಚಪಾತಿಯನ್ನು ಬಿಸಿ ಇರುವಾಗಲೇ ಪ್ಯಾಕ್ ಮಾಡಿ ಬೇಕಾದವರಿಗೆ ಕಳಿಸುತ್ತೇವೆ. ಕಾಯಿ ಹಾಕಿದ್ದನ್ನು ಕೊಡುವುದಿಲ್ಲ. ಮುಂಬೈಯಲ್ಲಿ ಈ ದಾರಿ ಹೊಸದಲ್ಲ. ಆಫೀಸುಗಳಿಗೆ ಮನೆಯೂಟದ ಡಬ್ಬಿ ಮುಟ್ಟಿಸುವ ಡಬ್ಬಾವಾಲಾಗಳು 2015ರ ಡಿಸೆಂಬರಿನಲ್ಲೇ ರೋಟಿ ಬ್ಯಾಂಕ್ ಶುರು ಮಾಡಿ, ಮದುವೆ, ಪಾರ್ಟಿಗಳಲ್ಲಿ ಉಳಿದ ಊಟವನ್ನು ಹಸಿದವರಿಗೆ ಮುಟ್ಟಿಸಿದವರು.

ಈಗ ಸಿಪ್ಪೆಯ ಬಕೆಟ್. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವವರು ತಮ್ಮ ಒದ್ದೆ ಕಸವನ್ನು ಆದಷ್ಟೂ ತಮ್ಮ ಜಾಗದಲ್ಲೇ ವಿಲೇವಾರಿ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತು. 2017ರಲ್ಲಿ ಮುಂಬೈ ಪಾಲಿಕೆ ಅದನ್ನು ಬಿಗಿಯಾಗಿ ಹಿಡಿದಾಗ ಹೋಟೆಲಿನವರಲ್ಲಿ ದೊಡ್ಡ ಗಡಿಬಿಡಿ. ನಮ್ಮಂಥ ಸಣ್ಣ ಹೋಟೆಲು ಆ ಲೆಕ್ಕದೊಳಗೆ ಬರುತ್ತಿರಲಿಲ್ಲ. ಆದರೂ ನಾವು ಮಾಡಿದೆವು, ಯಾಕೆಂದರೆ ದೇವನಾರಿನ ಗಾಳಿ ಕುಡಿಯುವವರು ನಾವೇ.

ಇದಕ್ಕೆ ನನಗೆ ಧೈರ್ಯ ಕೊಟ್ಟದ್ದು ಮುಂಬೈ ಪೋರ್ಟ್ ಟ್ರಸ್ಟಿನ ಅಡುಗೆಮನೆ. ಅಲ್ಲಿ ಕೇಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಅವರು 2000ದ ದಶಕದ ಮೊದಲಲ್ಲೇ ಅಡುಗೆಮನೆಯ ಕಸವನ್ನು ಅದೇ ಕಟ್ಟಡದ ಟೆರೇಸಿನಲ್ಲಿ ಮಣ್ಣು ಮಾಡಿ ಅಲ್ಲೇ ಹಣ್ಣು, ತರಕಾರಿ ಬೆಳೆದರು. ಟೆರೇಸು ಸೋರುತ್ತದೆ, ವಾಸನೆ ಬರುತ್ತದೆ, ಇಲಿ ಬರುತ್ತದೆ ಅನ್ನುವ ಎಲ್ಲ ಮಾತಿಗೂ ಅವರ ಕೆಲಸವೇ ಉತ್ತರ. ದೊಡ್ಡ ಕ್ಯಾಂಟೀನಿನಲ್ಲಿ ಆಗುವುದು ನಮ್ಮಲ್ಲಿ ಯಾಕೆ ಆಗಬಾರದು?

ನಮ್ಮ ಕಟ್ಟಡದ ಸೊಸೈಟಿಯವರು ಟೆರೇಸಿನ ಒಂದು ಮೂಲೆ ಕೊಟ್ಟರು. ತೂತು ಕೊರೆದ ಡ್ರಮ್ಮುಗಳು, ಅಡಿಯಲ್ಲಿ ಇಟ್ಟಿಗೆ. ಹೋಟೆಲಿನ ಕಸದ ದೊಡ್ಡ ತೊಂದರೆ ನೀರು. ಸೌತೆ, ಟೊಮೆಟೊ, ಎಲೆಕೋಸು ಎಲ್ಲ ನೀರೇ. ಅದಕ್ಕೆ ಸಮನಾಗಿ ಒಣಗಿದ್ದು ಬೀಳದಿದ್ದರೆ ಒಳಗೆ ಗಾಳಿ ಆಡದು, ಕೊಳೆತು ನಾರುತ್ತದೆ, ದೇವನಾರಿನಲ್ಲಿ ಆಗುವುದೇ ಡ್ರಮ್ಮಿನಲ್ಲೂ ಆಗುತ್ತದೆ. ನಮಗೆ ಒಣ ಪದಾರ್ಥ ಮನೆಯಲ್ಲೇ ಇತ್ತು. ದಿನಾ ಸುಲಿಯುವ ತೆಂಗಿನಕಾಯಿಯ ಜುಟ್ಟು ಮತ್ತು ನಾರು. ಅದನ್ನು ಬಿಡಿಸಿ ಒಣಗಿಸಿ, ಒಂದು ಪದರ ಸಿಪ್ಪೆ, ಒಂದು ಪದರ ನಾರು, ಮೇಲೊಂದು ಹಿಡಿ ಹಳೇ ಗೊಬ್ಬರ. ಎರಡು ದಿನಕ್ಕೊಮ್ಮೆ ಕೆದಕುವುದು. ಹುಳಿ ಮಜ್ಜಿಗೆಗೆ ಬೆಲ್ಲ ಕಲಸಿ ಚಿಮುಕಿಸಿದರೆ ಬೇಗ ಕಳಿಯುತ್ತದೆ. ಬೇಯಿಸಿದ ಪದಾರ್ಥ, ಎಣ್ಣೆ, ಉಪ್ಪು ಈ ಡ್ರಮ್ಮಿಗೆ ಹಾಕುವುದಿಲ್ಲ. ಆ ಗೊಬ್ಬರದಲ್ಲಿ ಟೆರೇಸಿನ ಮೇಲೆ ಕರಿಬೇವು ಮತ್ತು ಬಸಳೆ ಬೆಳೆದಿದೆ. ಬಸಳೆ ಕೊಯ್ದ ದಿನ ರೈಸ್ ಪ್ಲೇಟಿನಲ್ಲಿ ಬಸಳೆ ಗಸಿ. ಉಳಿದ ಗೊಬ್ಬರವನ್ನು ಸೊಸೈಟಿಯ ಹೆಂಗಸರು ಕುಂಡಗಳಿಗೆ ಒಯ್ಯುತ್ತಾರೆ. ಆಮೇಲೆ ಟೆರೇಸಿನ ಬಗ್ಗೆ ತಕರಾರು ಬಂದದ್ದಿಲ್ಲ.

ಕರಿದ ಎಣ್ಣೆಯದು ಬೇರೆ ದಾರಿ. ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶ, 25% ದಾಟಿದರೆ ಅದನ್ನು ಅಡುಗೆಗೆ ಬಳಸಬಾರದು ಅಂತ 2018ರ ಜುಲೈಯಿಂದ ನಿಯಮ ಇದೆ. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ಹಳೇ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯನ್ನೂ ತಂದಿತು. ನಮ್ಮ ಎಣ್ಣೆ ಈಗ ಕ್ಯಾನುಗಳಲ್ಲಿ ಹೋಗುತ್ತದೆ, ಅದಕ್ಕೆ ದುಡ್ಡೂ ಬರುತ್ತದೆ. ಮೋರಿಯೂ ಕಟ್ಟುವುದಿಲ್ಲ.

ಗ್ಯಾಸಿನ ಬಗ್ಗೆ ಸ್ವಲ್ಪ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಹೋಟೆಲಿನ 19 ಕಿಲೋ ಸಿಲಿಂಡರ್ ಒಂದಕ್ಕೆ 57 ಕಿಲೋ. ಬೇಳೆ, ಕಾಳು ನೆನೆಸಿ ಬೇಯಿಸುವುದು, ತೋಪಿಗೆ ಮುಚ್ಚಳ, ವಾರಕ್ಕೊಮ್ಮೆ ಬರ್ನರ್ ಬಿಚ್ಚಿ ತೊಳೆಯುವುದು, ಮಧ್ಯಾಹ್ನ ಮೂರರಿಂದ ಐದರವರೆಗೆ ಎರಡು ದೋಸೆ ಕಾವಲಿಯಲ್ಲಿ ಒಂದನ್ನು ಆರಿಸುವುದು. ಇಷ್ಟೇ. ಇದ್ದಿಲಿನ ತಂದೂರನ್ನು ತೆಗೆದು ಕರೆಂಟಿನದು ತಂದೆವು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಕಟ್ಟಿಗೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ಬದಲಾಗಬೇಕು ಅಂದಿತು. ಅದರ ಬೆನ್ನಿಗೇ ಪಾಲಿಕೆ ಇದ್ದಿಲಿನ ತಂದೂರ್ ಇಟ್ಟ ಹೋಟೆಲುಗಳಿಗೂ ನೋಟಿಸ್ ಕೊಡತೊಡಗಿತು. ರೊಟ್ಟಿಯ ಹೊಗೆ ಪರಿಮಳ ಸ್ವಲ್ಪ ಕಡಿಮೆ ಆಯಿತು ನಿಜ. ತಂದೂರಿನ ಮುಂದೆ ನಿಲ್ಲುವವನ ಕೆಮ್ಮೂ ಕಡಿಮೆ ಆಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಅಕ್ಕಿ. ಉಡುಪಿ ಹೋಟೆಲ್ ನಿಂತಿರುವುದೇ ಅಕ್ಕಿಯ ಮೇಲೆ. ಇಡ್ಲಿ, ದೋಸೆ, ನೀರು ದೋಸೆ, ಅನ್ನ. ನೀರು ನಿಲ್ಲಿಸಿದ ಗದ್ದೆಯ ಕೆಸರಿನಲ್ಲಿ ಗಾಳಿ ಇಲ್ಲದೆ ಮೀಥೇನ್ ಹುಟ್ಟುತ್ತದೆ. ಡಂಪಿಂಗ್ ಗ್ರೌಂಡಿನ ಅಡಿಯಲ್ಲಿ ಆಗುವುದೂ ಅದೇ ಕೆಲಸ. ಗದ್ದೆಯಲ್ಲಿ ನೀರನ್ನು ಪೂರ್ತಿ ನಿಲ್ಲಿಸದೆ, ನೆಲದ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ಬಿಡುವ ಕ್ರಮ ಇದೆ. ತೂತಿನ ಪೈಪೊಂದನ್ನು ಹುಗಿದು ನೀರಿನ ಮಟ್ಟ ನೋಡುತ್ತಾರೆ. ಅದರಿಂದ ಮೀಥೇನ್ ಮೂರರಲ್ಲಿ ಒಂದು ಭಾಗದಿಂದ ಅರ್ಧದವರೆಗೂ ಇಳಿಯುತ್ತದೆ. ಊರಿಗೆ ಹೋದಾಗ ಗದ್ದೆ ಮಾಡುವ ದೊಡ್ಡಪ್ಪನಿಗೆ ಹೇಳಿದೆ. "ಮಳೆಗಾಲದ ಬೆಳೆಗೆ ನಾನು ನೀರು ಬಿಡೂದಲ್ಲ ಮಗಾ, ದೇವ್ರು ಬಿಡೂದು. ಸುಗ್ಗಿ ಬೆಳೆಗೆ ಬೇಕಾದ್ರೆ ನೋಡುವ," ಅಂದರು. ಅವರು ಹೇಳಿದ್ದು ಸರಿ. ನೀರು ಕೈಯಲ್ಲಿ ಇರುವ ಬೆಳೆಗೆ ಮಾತ್ರ ಈ ಕ್ರಮ ಹೊಂದುತ್ತದೆ. ರೈತರ ಕೆಲಸವನ್ನು ಮುಂಬೈಯಲ್ಲಿ ಕೂತು ನಾನು ಮಾಡಲಾರೆ. ನನ್ನ ಕೈಯಲ್ಲಿ ಇರುವುದು ದೋಸೆ ಹಿಟ್ಟು.

2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಘೋಷಿಸಿತ್ತು. ಅದನ್ನು ಕೇಳಿಕೊಂಡ ದೇಶ ನಮ್ಮದೇ. ಆ ವರ್ಷ ಮುಂಬೈಯ ಎಷ್ಟೋ ಹೋಟೆಲುಗಳಲ್ಲಿ ಸಿರಿಧಾನ್ಯದ ಸ್ಪೆಷಲ್ ಮೆನು ಬಂತು, ಬೆಲೆ ಮಾಮೂಲಿ ದೋಸೆಗಿಂತ ಜಾಸ್ತಿ. ವರ್ಷ ಕಳೆದ ಮೇಲೆ ಆ ಕಾರ್ಡುಗಳು ಕಾಣಲಿಲ್ಲ. ದುಬಾರಿ ಸ್ಪೆಷಲ್ ಐಟಂನಿಂದ ಹೊಲದಲ್ಲಿ ಏನೂ ಬದಲಾಗದು ಅಂತ ನನ್ನ ನಂಬಿಕೆ. ದಿನಾ ನೂರಾರು ಹೋಗುವ ಮಾಮೂಲಿ ದೋಸೆ ಬದಲಾಗಬೇಕು. ನಾವು ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕುತ್ತಿದ್ದೆವು. ಈಗ ಆ ನಾಲ್ಕು ಪಾಲಿನಲ್ಲಿ ಒಂದು ಪಾಲು ಬಿಳಿಜೋಳ. ಸೊಲ್ಲಾಪುರದ ಕಡೆಯ ಜೋಳ ಮುಂಬೈಯಲ್ಲಿ ಸುಲಭವಾಗಿ ಸಿಗುತ್ತದೆ, ಭಾಕರಿ ಅಂದರೆ ಜೋಳದ ರೊಟ್ಟಿ ತಿಂದು ಬೆಳೆದ ಮರಾಠಿ ಗಿರಾಕಿಗಳಿಗೆ ಅದು ಪರಿಚಯದ ರುಚಿ. ಜೋಳಕ್ಕೆ ನಿಂತ ನೀರು ಬೇಡ, ಒಣ ಹೊಲದಲ್ಲೇ ಬರುತ್ತದೆ. ಜೋಳವನ್ನು ಅಕ್ಕಿಗಿಂತ ಜಾಸ್ತಿ ಹೊತ್ತು ನೆನೆಸಬೇಕು, ಮೆಂತ್ಯ ಸ್ವಲ್ಪ ಜಾಸ್ತಿ ಹಾಕಬೇಕು. ಪಾಲು ಏರಿಸುತ್ತಾ ಹೋದರೆ ದೋಸೆ ಕಾವಲಿಯ ಮೇಲೆ ತುಂಡು ತುಂಡಾಗುತ್ತದೆ, ಗರಿಗರಿ ಬರುವುದಿಲ್ಲ. ಇಷ್ಟಕ್ಕೆ ದೋಸೆ ಭಟ್ಟರು ಒಪ್ಪಿದ್ದಾರೆ. ಜೋಳ ಇದೆ ಅಂತ ಬೋರ್ಡಿನಲ್ಲಿ ಬರೆದಿದ್ದೇವೆ, ತಿನ್ನುವವರಿಗೆ ಗೊತ್ತಿರಬೇಕು. ಬೆಲೆ ಏರಿಸಿಲ್ಲ. ಇಡ್ಲಿಯನ್ನು ನಾವು ಮುಟ್ಟಿಲ್ಲ. ಇಡ್ಲಿ ಗಟ್ಟಿಯಾದರೆ ಹಳೇ ಗಿರಾಕಿಗಳು ಕ್ಷಮಿಸುವುದಿಲ್ಲ, ಮತ್ತು ಆ ವಿಷಯದಲ್ಲಿ ನಾನು ಅವರ ಪರ.

ರಾತ್ರಿಯ ಮೆನುವಿನಲ್ಲಿ ಪನೀರ್ ಇದೆ. ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಹಾಲು ಬೇಕು, ಹಸು ಎಮ್ಮೆ ಮೆಲುಕು ಹಾಕುವಾಗ ಬರುವುದೂ ಮೀಥೇನೇ. ಪನೀರನ್ನು ತೆಗೆದಿಲ್ಲ. ಅದರ ಮುಂದಿನ ಸಾಲಿನಲ್ಲಿ ಕಾಳಿನ ಪದಾರ್ಥ ತಂದೆವು. ಹೆಸರುಕಾಳು ಗಸಿ, ಅಲಸಂಡೆ, ಬೆಳಿಗ್ಗೆ ಕಡ್ಲೆ ಅವಲಕ್ಕಿ. ಕಾಳಿನ ಗಿಡ ಗಾಳಿಯ ಸಾರಜನಕವನ್ನು ತಾನೇ ಬೇರಿಗೆ ಇಳಿಸಿಕೊಳ್ಳುತ್ತದೆ, ಯೂರಿಯಾ ಅಷ್ಟಾಗಿ ಬೇಡ. ಯೂರಿಯಾ ಬಿದ್ದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವಾದದ್ದು. ಚೆಂಬೂರಿನ ಮಕ್ಕಳು ಕಡ್ಲೆ ಅವಲಕ್ಕಿ ಕೇಳಿ ತಿನ್ನುವುದನ್ನು ನೋಡಿದರೆ ನನಗೆ ಹೇಳಲಾರದಷ್ಟು ಖುಷಿ.

ತರಕಾರಿ ಎಷ್ಟು ದೂರದಿಂದ ಬರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಅದು ಮುಖ್ಯವೇ, ಆದರೆ ಅಷ್ಟು ಮುಖ್ಯವಲ್ಲ. 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಅದರ ಪ್ರಕಾರ ಆಹಾರದಿಂದ ಬರುವ ಹಸಿರುಮನೆ ಅನಿಲದಲ್ಲಿ ಸಾಗಾಟದ ಪಾಲು ಚಿಕ್ಕದು. ಏನು ಬೆಳೆದೆವು, ಹೇಗೆ ಬೆಳೆದೆವು ಅನ್ನುವುದೇ ದೊಡ್ಡದು. ಹಾಗಾಗಿ ವಾಶಿ ಮಾರ್ಕೆಟಿನಿಂದ ಬರುವ ನಾರಾಯಣಗಾಂವ್ ಟೊಮೆಟೊ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಋತುವಿಗೆ ತಕ್ಕದ್ದು ತರುವುದರ ಕಡೆ ಗಮನ ಕೊಡುತ್ತೇನೆ. ಮಳೆ ಶುರುವಾದಾಗ ದಾದರ್ ಸ್ಟೇಷನ್ನಿನ ಹೊರಗೆ ಆದಿವಾಸಿ ಹೆಂಗಸರು ಕಾಡುಸೊಪ್ಪು ಮಾರುತ್ತಾರೆ. ಅವರ ಟಾಕಳಾ ಅಂದರೆ ನಮ್ಮ ಚಗಟೆ ಸೊಪ್ಪು. ಯಾರೂ ನೀರು ಹಾಕದೆ, ಗೊಬ್ಬರ ಹಾಕದೆ ತಾನೇ ಹುಟ್ಟುವ ಸೊಪ್ಪು. ಅದು ಸಿಗುವ ಕೆಲವು ವಾರ ನಮ್ಮಲ್ಲಿ ಚಗಟೆ ಪಲ್ಯ ಇರುತ್ತದೆ. ಅವರು ಹೇಳಿದ ಬೆಲೆ ಕೊಡುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಮುಂಬೈ ಪಾಲಿಕೆ 2022ರ ಮಾರ್ಚಿನಲ್ಲಿ ತಂದ ಹವಾಮಾನ ಯೋಜನೆಯಲ್ಲಿ 2050ರ ಹೊತ್ತಿಗೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟೇ ಹಸಿರುಮನೆ ಅನಿಲವನ್ನು ವಾಪಸ್ ಹೀರಿಸುವುದು, ಅನ್ನುವ ಗುರಿ ಇದೆ, ಕಸದ ವಿಷಯವೂ ಇದೆ. ಆ ಗುರಿ ಗಲ್ಲಿಯ ಸಣ್ಣ ಹೋಟೆಲಿಗೆ ಇಳಿಯಬೇಕಾದರೆ ಬೇಯಿಸಿದ ಕಸಕ್ಕೆ ದಾರಿ ಬೇಕು. ತಟ್ಟೆಯಲ್ಲಿ ಉಳಿದದ್ದು ಎಷ್ಟು ಇಳಿದರೂ ಸೊನ್ನೆ ಆಗುವುದಿಲ್ಲ, ಟೆರೇಸಿನ ಡ್ರಮ್ಮಿಗೆ ಅದನ್ನು ಹಾಕಲೂ ಆಗದು. ನಮ್ಮ ನೆರೆಯ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಶರದ್ ಕಾಳೆ ಅವರು ರೂಪಿಸಿದ ನಿಸರ್ಗಋಣ ಬಯೋಗ್ಯಾಸ್ ಇಂಥ ಕಸಕ್ಕೇ ಹೇಳಿ ಮಾಡಿಸಿದ್ದು. ಮೊದಲು ಗಾಳಿ ಮತ್ತು ಬಿಸಿನೀರು ಕೊಟ್ಟು ಕಸವನ್ನು ಕರಗಿಸಿ, ಆಮೇಲೆ ಗಾಳಿ ಇಲ್ಲದ ತೊಟ್ಟಿಗೆ ಬಿಡುತ್ತಾರೆ. ಅಲ್ಲಿ ಹುಟ್ಟುವ ಮೀಥೇನ್ ಆಕಾಶಕ್ಕೆ ಹೋಗದೆ ಒಲೆಗೆ ಬರುತ್ತದೆ. ಆದರೆ ಒಂದು ಹೋಟೆಲಿನ ಕಸಕ್ಕೆ ಅಂಥ ಘಟಕ ದೊಡ್ಡದು. ಐದಾರು ಹೋಟೆಲು ಸೇರಿ, ಒಂದೇ ಗಾಡಿಯಲ್ಲಿ, ಪ್ಲಾಸ್ಟಿಕ್ಕು, ಕರಟ ಬೆರಸದ ಕಸ ಕಳಿಸಿದರೆ ಮಾತ್ರ ನಡೆಯುತ್ತದೆ.

ಈಗ ನಮ್ಮ ಗಲ್ಲಿಯ ಹೋಟೆಲಿನವರ ಜೊತೆ ಆ ಮಾತೇ ನಡೆದಿದೆ. ಇಬ್ಬರು ಒಪ್ಪಿದ್ದಾರೆ, ಅವರ ಮೋರಿಯಲ್ಲೂ ಮೂರು ಬಕೆಟ್ ಬಂದಿವೆ. ಇನ್ನೊಬ್ಬರು ಗಾಡಿಯ ಬಾಡಿಗೆ ಯಾರು ಕೊಡುತ್ತಾರೆ ಅಂತ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಯಾರ ಕಸ ಎಷ್ಟೋ ಅವರ ಬಾಡಿಗೆ ಅಷ್ಟು ಅಂತ ತೂಕದ ಮೇಲೆ ಹಂಚುವ ಅಂತ ಹೇಳಿದ್ದೇನೆ. ಮುಂದಿನ ವಾರ ಎಲ್ಲರೂ ತಮ್ಮ ತಮ್ಮ ಲೆಕ್ಕ ಹಿಡಿದು ನಮ್ಮಲ್ಲಿಗೆ ಬರುತ್ತಾರೆ.